ಆ 20 ವಾಟ್ ಬಗ್ಗೆ ಇನ್ನೊಂಚೂರು

ಭೌತವಿಜ್ಞಾನಿ ಗ್ವಿನ್ ವಿಲಿಯಮ್ಸ್ ಬಗೆಗಿನ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ಅಮೆರಿಕದ ಜೆಫರ್ಸನ್ ಲ್ಯಾಬಿನಲ್ಲಿ ಅವರೂ ಸಂಗಡಿಗರೂ ನಡೆಸಿದ ಟೆರಾಹರ್ಟ್ಸ್ (ಮೈಕ್ರೋವೇವ್‌ಗೂ ಇನ್‌ಫ್ರಾರೆಡ್‌ಗೂ ನಡುವಿನ ಅಲೆಗಳ) ಪ್ರಯೋಗವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಲ್ಲ, ಅದೇ ಬೇಜಾರು. 2002ರಲ್ಲಿ ಅಲ್ಲಿ ಸಿಕ್ಕಿದ್ದು ಸರಾಸರಿ ಸುಮಾರು 20 ವಾಟ್ ಟೆರಾಹರ್ಟ್ಸ್ ಬೆಳಕು. ಇಷ್ಟೇನಾ, ನಮ್ಮನೆ ಬಲ್ಬೇ ವಾಸಿ ಅನ್ನಬೇಡಿ! ಆ ಅಲೆಗಳ ಅಗಲವಾದ ಪಟ್ಟಿಯನ್ನು ಒಟ್ಟಿಗೆ ಕೊಡುವುದರಲ್ಲಿ ಅಲ್ಲಿಯವರೆಗೆ ಯಾರ ಬಳಿಯೂ ಅದರ ಹತ್ತಿರಕ್ಕೆ ಬರುವ ಮೂಲ ಇರಲಿಲ್ಲ. ಯಂತ್ರದಲ್ಲಿ ಎಲೆಕ್ಟ್ರಾನ್‌ಗಳು ಗೊಂಚಲು ಗೊಂಚಲಾಗಿ ಓಡುತ್ತವೆ, ತಿರುವಿನಲ್ಲಿ ಬೆಳಕು ಹೊಮ್ಮಿಸುತ್ತವೆ; ಗುಟ್ಟು ಆ ಗೊಂಚಲಿನ ಉದ್ದದಲ್ಲಿದೆ. ಗೊಂಚಲು ತರಂಗದೂರಕ್ಕಿಂತ ಗಿಡ್ಡವಾದರೆ ಎಲ್ಲ ಎಲೆಕ್ಟ್ರಾನ್‌ಗಳೂ ಸೋಬಾನೆ ಹೇಳುವವರ ಹಾಗೆ ಒಂದೇ ಲಯದಲ್ಲಿ ಬೆಳಕು ಹೊಮ್ಮಿಸುತ್ತವೆ. ಆಗ ಶಕ್ತಿ ಏರುವುದು ಅವುಗಳ ಸಂಖ್ಯೆಯ ಲೆಕ್ಕದಲ್ಲಲ್ಲ, ಸಂಖ್ಯೆಯ ವರ್ಗದ ಲೆಕ್ಕದಲ್ಲಿ.

ಅದಕ್ಕೂ ಮುಂಚೆ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ, ಸಿಂಕ್ರೋಟ್ರಾನ್ (ಎಲೆಕ್ಟ್ರಾನ್‌ಗಳನ್ನು ವೇಗವಾಗಿ ಸುತ್ತಿಸಿ ಬೆಳಕು ಪಡೆಯುವ ಯಂತ್ರ) ಅಂದರೆ ಎಕ್ಸ್-ರೇ ಅಂತ ಜನ ಅಂದುಕೊಂಡಿದ್ದಾಗ, ವಿಲಿಯಮ್ಸ್ ಇನ್‌ಫ್ರಾರೆಡ್ ಬೆನ್ನು ಹತ್ತಿದವರು. ಅದರ ಬೆಲೆ ನನಗೆ ಗೊತ್ತು. ಎಂಎಸ್ಸಿಯಲ್ಲಿ ಎಫ್‌ಟಿಐಆರ್ (ವಸ್ತು ಯಾವ ಇನ್‌ಫ್ರಾರೆಡ್ ಹೀರುತ್ತದೆಂದು ಅಳೆಯುವ ಯಂತ್ರ) ಮುಂದೆ ಕೂತವನು ನಾನು. ಮಳೆಗಾಲದಲ್ಲಿ ಸ್ಯಾಂಪಲ್ ಬೆರೆಸಿದ ಪೊಟ್ಯಾಸಿಯಂ ಬ್ರೋಮೈಡ್ ಉಪ್ಪಿನ ಬಿಲ್ಲೆ ಒತ್ತಿ ತೆಗೆಯುವಷ್ಟರಲ್ಲಿ ತೇವ ಹೀರಿ ಮಂಜಾಗೋದು. ಸ್ಯಾಂಪಲ್ ಇಡೋಕೆ ಬಗ್ಗಿದರೆ ಗ್ರಾಫಿನಲ್ಲಿ 2350ರ (ಸೆಂ.ಮೀ.ಗೆ ಇಷ್ಟು ಅಲೆ ಅನ್ನುವ ಲೆಕ್ಕ) ಹತ್ತಿರ ನನ್ನ ಉಸಿರಿನದೇ ಕಾರ್ಬನ್ ಡೈಆಕ್ಸೈಡ್ ಗೆರೆ. ಆ ಯಂತ್ರದ ಮಾಮೂಲಿ ದೀಪವಾದ ಕಾದ ಸಿಲಿಕಾನ್ ಕಾರ್ಬೈಡ್ ಕಡ್ಡಿಯ ಬೆಳಕಲ್ಲಿ 10 ಮೈಕ್ರಾನ್ ಚುಕ್ಕೆ ನೋಡಹೋದರಂತೂ ಬರೀ ಗದ್ದಲ. ಸಿಂಕ್ರೋಟ್ರಾನ್ ಬೆಳಕು ಅದಕ್ಕಿಂತ ನೂರಾರು ಪಟ್ಟು ಪ್ರಖರ. ಮುಂದಿನ ಕಂತು ಬರೆಯೋದಾದರೆ ಗೊಂಚಲಿನ ಚಿತ್ರ ಒಂದು ಹಾಕಿ ಸಾರ್.