ಹಿತಕಿದ ಮೂರು ದಿನ

ಹುಬ್ಬಳ್ಳಿಗೆ ವಾಪಸ್ ಬಂದು ಎರಡು ದಿನವಾಯಿತು. ಸೋಪಿಗೆ ಲೆಕ್ಕವಿಲ್ಲ. ನಿಂಬೆಹಣ್ಣು ಉಜ್ಜಿಯಾಯಿತು, ಸೀಗೆಪುಡಿಯೂ ಆಯಿತು. ಬೆರಳಿನ ವಾಸನೆ ಮಾತ್ರ ಹೋಗಿಲ್ಲ. ಉಪ್ಪಿಟ್ಟು ಬಾಯಿಗೆ ಇಟ್ಟರೂ ಅವರೆಕಾಯಿ ತಿಂದ ಹಾಗಾಗುತ್ತದೆ.

ಜನವರಿಯ ಬೆಂಗಳೂರಿನಲ್ಲಿ ಏನೇನು ನೋಡಬೇಕು ಅಂತ ಚೀಟಿ ಬರೆದುಕೊಂಡೇ ಹೋಗಿದ್ದೆ. ಲಾಲ್‌ಬಾಗಿನ ಬಂಡೆ ಹತ್ತಿ ಸೂರ್ಯೋದಯ ನೋಡುವುದು. ಮುನ್ನೂರು ಕೋಟಿ ವರ್ಷ ಹಳೆಯ ಬಂಡೆಯಂತೆ. ಕಬ್ಬನ್ ಪಾರ್ಕಿನಲ್ಲಿ ಸುಮ್ನೆ ಕೂರುವುದು. ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ. ಎಲ್ಲಾ ಮೂರು ದಿನಕ್ಕೆ ಸರಿಯಾಗಿ ಹೊಂದಿತ್ತು. ನಮ್ಮ ಭಾವನನ್ನು ಲೆಕ್ಕಕ್ಕೆ ಹಿಡಿಯಲು ಮರೆತಿದ್ದೆ.

ಅಕ್ಕನ ಮನೆ ತ್ಯಾಗರಾಜನಗರದಲ್ಲಿ. ಶುಕ್ರವಾರ ಬೆಳಿಗ್ಗೆ ಭಾವ ಮಂಕಿ ಕ್ಯಾಪ್ ಹಾಕಿಕೊಂಡು ತಯಾರಾಗಿ ನಿಂತಿದ್ದರು. "ಇದೇನು ಚಳಿ ಬಿಡಪ್ಪ. 1884ರ ಜನವರಿಯಲ್ಲಿ 7.8 ಡಿಗ್ರಿ ಇತ್ತು" ಎಂದರು, ಆವತ್ತೂ ವಾಕಿಂಗ್ ಹೋಗಿದ್ದವರ ಹಾಗೆ. "ಲಾಲ್‌ಬಾಗಿಗೆ ಹೋಗೋಣ. ಹಾಗೇ ಗಾಂಧಿ ಬಜಾರಲ್ಲಿ ಐದು ನಿಮಿಷ."

ಆ ಐದು ನಿಮಿಷ ಒಂದೂವರೆ ಗಂಟೆಯಾಯಿತು. ಭಾವ ಅವರೆಕಾಯಿಯನ್ನು ಕಣ್ಣಿಂದ ನೋಡುವುದಿಲ್ಲ, ಮೂಗಿಂದ ನೋಡುತ್ತಾರೆ. ಒಂದು ಕಾಯಿ ಎತ್ತುವುದು, ಎರಡೂ ಅಂಗೈ ನಡುವೆ ಉಜ್ಜುವುದು, ಮಂಕಿ ಕ್ಯಾಪ್ ಸ್ವಲ್ಪ ಕೆಳಗೆ ಸರಿಸಿ ಮೂಗು ಹೊರಗೆ ತೆಗೆಯುವುದು, ಕಣ್ಣು ಮುಚ್ಚಿ ಎಳೆದುಕೊಳ್ಳುವುದು. ಆಮೇಲೆ ತಲೆ ಅಲ್ಲಾಡಿಸಿ "ಸೊಗಡಿಲ್ಲ" ಎಂದು ಮುಂದಿನ ರಾಶಿಗೆ. ಹೀಗೆ ಹನ್ನೊಂದು ರಾಶಿ. ಹನ್ನೆರಡನೆಯವಳು ಗಟ್ಟಿಗಿತ್ತಿ. "ಸ್ವಾಮಿ, ಮೂಸಿದ್ದಕ್ಕೂ ದುಡ್ಡು ಕೊಡಿ" ಎಂದಳು. ಭಾವನಿಗೆ ಆ ಮಾತು ಬಹಳ ಹಿಡಿಸಿತು. ಹತ್ತು ಕೆಜಿ ತೂಗಿಸಿಬಿಟ್ಟರು. ಒಂದು ಕಾಯಿಯಿಂದ ಹಸಿರು ಹುಳ ಇಣುಕಿತು. ತೋರಿಸಿದೆ. "ಹುಳ ಇದ್ರೆ ಒಳ್ಳೇದಪ್ಪ. ಔಷಧಿ ಹೊಡೆದಿಲ್ಲ ಅಂತ ಅರ್ಥ."

ಹತ್ತು ಕೆಜಿ ಕೈಚೀಲ ಹಿಡಿದು ಮುನ್ನೂರು ಕೋಟಿ ವರ್ಷದ ಬಂಡೆ ಯಾರು ಹತ್ತುತ್ತಾರೆ? ನಡೆದೇ ಹೋಗುವಷ್ಟು ಹತ್ತಿರವಿದ್ದ ಲಾಲ್‌ಬಾಗಿಗೆ ಬೆನ್ನು ಹಾಕಿ ಆಟೋ ಹತ್ತಿದೆವು.

ಶುಕ್ರವಾರ, ಶನಿವಾರ ಕಾಯಿ ಬಿಡಿಸುವುದರಲ್ಲಿ ಹೋಯಿತು. ಬಿಡಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಇಲ್ಲ, ರಾತ್ರಿ ಕಾಳು ನೆನೆಹಾಕಿದರು. ಭಾನುವಾರ ಬೆಳಿಗ್ಗೆ ಚಿತ್ರಸಂತೆಗೆ ಅಂತ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರೆ ನಡುಮನೆಯಲ್ಲಿ ಬೋಗುಣಿ ಕಾಯುತ್ತಿತ್ತು. "ನೆನೆದದ್ದು ಕಾಯಲ್ಲ, ಕೂತ್ಕೋಪ್ಪ. ಸಂತೆ ಮುಂದಿನ ವರ್ಷಾನೂ ಇರುತ್ತೆ."

ಹಿತಕುವುದೆಂದರೆ ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿಡಿದು ಒತ್ತುವುದು. ಸಿಪ್ಪೆ ಕೈಯಲ್ಲಿ ಉಳಿಯಬೇಕು, ಬೇಳೆ ಪಾತ್ರೆಗೆ ಬೀಳಬೇಕು. ನನ್ನ ಬೇಳೆಗಳಿಗೆ ಊರು ನೋಡುವ ಆಸೆ ಜಾಸ್ತಿ. ಒಂದು ಟೀವಿಗೆ ಬಡಿಯಿತು. ಇನ್ನೊಂದು ನೇರ ಭಾವನ ಕಾಫಿ ಲೋಟಕ್ಕೆ. ಅವರು ಬೈಯಲಿಲ್ಲ. ಚಮಚದಲ್ಲಿ ಎತ್ತಿ, ಪಂಚೆಗೆ ಒರೆಸಿ, ಪಾತ್ರೆಗೆ ಹಾಕಿದರು. ಆಮೇಲೆ ನನ್ನ ಸಿಪ್ಪೆಯ ಗುಡ್ಡೆಯನ್ನು ಕೆದಕಿ ಮೂರು ಬೇಳೆ ಹುಡುಕಿ ತೆಗೆದು, ಒಂದೊಂದನ್ನೂ ನನ್ನ ಮುಖದ ಮುಂದೆ ಹಿಡಿದು ತೋರಿಸಿದರು. ಶಾಲೆಯಲ್ಲಿ ಗಣಿತದ ಮೇಷ್ಟ್ರೂ ಹಾಗೆ ಅವಮಾನ ಮಾಡಿರಲಿಲ್ಲ.

ಅಕ್ಕನ ಮಗಳು ಮಾತ್ರ ಜಾಣೆ. ಬೆಳಗಿನ ಮೊದಲ ಮೆಟ್ರೋ ಹಿಡಿದು ಚಿತ್ರಸಂತೆಗೆ ಓಡಿದ್ದಳು. ಅಲ್ಲಿಂದ ಮೊಬೈಲಿಗೆ ನಲವತ್ತು ಫೋಟೋ ಕಳಿಸಿದಳು. ಸರಿಸಿ ನೋಡಲು ನನ್ನ ಬೆರಳು ಒದ್ದೆ. ಮೊದಲ ಫೋಟೋವನ್ನೇ ಹತ್ತು ನಿಮಿಷ ನೋಡಿದೆ.

ಭಾವ ಸಿಪ್ಪೆ ಚೆಲ್ಲಲು ಎದ್ದು ಹೋದಾಗ ಅಕ್ಕ ಮೆಲ್ಲಗೆ ಕೇಳಿದಳು: "ಸೀತನಿ ಬಂದಾವೇನೋ ಊರಾಗ?"

ಬಂದಿದ್ದವು. ಹಿಂದಿನ ವಾರವಷ್ಟೇ ಗೆಳೆಯನ ಹೊಲದಲ್ಲಿ ಎಳೇ ಜೋಳದ ತೆನೆ ಸುಟ್ಟು, ಬಡಿದು, ಬಿಸಿಬಿಸಿ ಕಾಳನ್ನು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದು ಬಂದಿದ್ದೆ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಅಕ್ಕ ಸೀತನಿ ಕಾಲದಲ್ಲಿ ಊರಿಗೆ ಬಂದೇ ಇಲ್ಲ. ನಾನು ಒಯ್ದದ್ದು ಎಲ್ಲರೂ ಒಯ್ಯುವ ಪೇಡೆ. "ಇನ್ನೂ ಬಂದಿಲ್ಲಕ್ಕ" ಎಂದು ಸುಳ್ಳು ಹೇಳಿದೆ. ಅವಳು ಇನ್ನೆರಡು ಕಾಳು ಹಿತಕಿದಳು.

"ಯಾಕೆ, ಕೈ ನಿಂತಿದೆ?" ಭಾವ ಬಂದರು.

ಹಿತಕಿದ ಬೇಳೆ ಸಾರು, ಅಕ್ಕಿರೊಟ್ಟಿ ಚೆನ್ನಾಗಿತ್ತು. ಸಿಟ್ಟಿನಲ್ಲೇ ಮೂರು ಸಲ ಬಡಿಸಿಕೊಂಡೆ. ರಾತ್ರಿ ರೈಲು ಹತ್ತಿದೆ.

"ಬೆಂಗಳೂರಾಗ ಏನೇನ್ ನೋಡಿದ್ರಿ?" ಮನೆಗೆ ಬಂದ ಕೂಡಲೇ ಹೆಂಡತಿ ಕೇಳಿದಳು. ನಾನು ಮಾತಾಡದೆ ಎರಡು ಬೆರಳು ಅವಳ ಮೂಗಿನ ಹತ್ತಿರ ಹಿಡಿದೆ.

"ಅಯ್ಯ, ಇದೇನ್ ನಾತ ರೀ! ಮೊದಲ ಕೈ ತೊಳಕೊಂಡ್ ಬರ್ರಿ."

ಬ್ಯಾಗಿನ ತಳದಲ್ಲಿ ಭಾವ ಮೂಸಿ ಮೂಸಿ ಆರಿಸಿ ಇಟ್ಟ ಮೂರು ಕೆಜಿ ಇದೆ. ಇನ್ನೂ ಅವಳಿಗೆ ತೋರಿಸಿಲ್ಲ.