ತೂಕದ ಚೀಟಿ ಸಾಲದು, ಹೊಟ್ಟೆಗೂ ಟೇಪು ಹಿಡಿಯಿರಿ

ಗಂಗಾವತಿ ಕಡೆ ಈಗ ಹೆಲ್ತ್ ಕ್ಯಾಂಪ್ ಆಗಾಗ ನಡೆಯುತ್ತವೆ. ಒಳ್ಳೆಯದೇ. ಆದರೆ ಎಷ್ಟೋ ಕಡೆ ತೂಕ, ಎತ್ತರ ನೋಡಿ, ಚೀಟಿಯಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ತೋರಿಸುವ ಅಂಕಿ) ಬರೆದು ಕಳಿಸಿಬಿಡುತ್ತಾರೆ. ಆ ಒಂದೇ ಅಂಕಿ ನೋಡಿ ಆರೋಗ್ಯ ತೀರ್ಮಾನ ಮಾಡಬಾರದು. ಅದರಲ್ಲೂ ತೆಳ್ಳಗಿರುವವರಿಗೆ ಅದು ಸುಳ್ಳು ಧೈರ್ಯ ಕೊಡುತ್ತದೆ.

ನಮ್ಮ ರೈಸ್ ಮಿಲ್ಲಿನಲ್ಲೇ ನೋಡಿದೆ. ಹಮಾಲಿ ಅಣ್ಣ ಒಬ್ಬರು 165 ಸೆಂ.ಮೀ. ಎತ್ತರ, 71 ಕೆಜಿ ತೂಕ. ಎತ್ತರವನ್ನು ಮೀಟರಿನಲ್ಲಿ ಹಿಡಿದು ಅದರಿಂದಲೇ ಗುಣಿಸಿದರೆ (1.65 × 1.65) 2.72. ತೂಕವನ್ನು ಅದರಿಂದ ಭಾಗಿಸಿದರೆ ಬಿಎಂಐ 26. ‘ದಪ್ಪ ಇದ್ದೀರಿ, ತೂಕ ಇಳಿಸಿ’ ಅಂದರು ಕ್ಯಾಂಪಿನವರು. ದಿನವಿಡೀ ಚೀಲ ಹೊರುವ ಆ ಮನುಷ್ಯನಿಗೆ ಹೊಟ್ಟೆಯೇ ಇಲ್ಲ. ತೂಕವೆಲ್ಲ ಹೆಗಲು, ತೊಡೆಯಲ್ಲಿ. ನಮ್ಮ ಗುಮಾಸ್ತರು 170 ಸೆಂ.ಮೀ., 64 ಕೆಜಿ. ಬಿಎಂಐ 22. ‘ನಂದು ನಾರ್ಮಲ್ ಐತಿ ನೋಡ್ರಿ’ ಅಂತ ಎಲ್ಲರಿಗೂ ಚೀಟಿ ತೋರಿಸಿದರು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಶರ್ಟಿನ ಗುಂಡಿ ಎಳೆಯುವಷ್ಟು. ಮುಂದೆ ಬೇರೇನಕ್ಕೋ ರಕ್ತ ಪರೀಕ್ಷೆ ಮಾಡಿಸಿದಾಗ ಶುಗರ್ ಇರುವುದು ಗೊತ್ತಾಯಿತು. ಕ್ಯಾಂಪಿನ ದಿನ ಯಾರಾದರೂ ಅವರ ಹೊಟ್ಟೆ ಅಳೆದಿದ್ದರೆ ಮೊದಲೇ ತಿಳಿಯುತ್ತಿತ್ತೇನೋ ಅಂತ ಈಗಲೂ ಸಂಕಟವಾಗುತ್ತದೆ.

ಈ ಲೆಕ್ಕ ಹುಟ್ಟಿದ್ದು ರೋಗ ಪತ್ತೆಗಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಅಡಾಲ್ಫ್ ಕ್ವೆಟೆಲೆ ಎಂಬ ಗಣಿತಜ್ಞ ಜನರ ಸರಾಸರಿ ಮೈಕಟ್ಟು ಅರಿಯಲು ಮಾಡಿದ್ದು. ಬಿಎಂಐ ಅಂತ ಹೆಸರಿಟ್ಟಿದ್ದು 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್. ಸಾವಿರಾರು ಜನರನ್ನು ಒಟ್ಟಿಗೆ ನೋಡಲು ಅದು ಸರಿ. ಒಬ್ಬರ ಮೈಯಲ್ಲಿ ಮಾಂಸ ಎಷ್ಟು, ಕೊಬ್ಬು ಎಷ್ಟು, ಆ ಕೊಬ್ಬು ಎಲ್ಲಿ ಕೂತಿದೆ ಅನ್ನುವುದು ಅದಕ್ಕೆ ತಿಳಿಯದು.

ನಮ್ಮಂಥ ಭಾರತೀಯರಿಗಂತೂ ಇದೇ ಮುಖ್ಯ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಉದಾಹರಣೆ ಕೊಟ್ಟರು. ಅವರದ್ದೂ ಅವರ ಬ್ರಿಟಿಷ್ ಸ್ನೇಹಿತ ಯುಡ್ಕಿನ್ ಅವರದ್ದೂ ಬಿಎಂಐ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ಗೆ 9.1%, ಯಾಜ್ಞಿಕ್‌ಗೆ 21.2%. ನೋಡಲು ಸಣಕಲು, ಒಳಗೆ ಕೊಬ್ಬು. ಹೊಟ್ಟೆಯೊಳಗೆ, ಲಿವರ್ ಸುತ್ತಮುತ್ತ ಸೇರುವ ಕೊಬ್ಬು, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್‌ ಕೆಲಸ ಕೆಡಿಸುತ್ತದೆ. ಅದಕ್ಕೇ 2009ರಲ್ಲಿ ಭಾರತದ ವೈದ್ಯರು ನಮಗೆ ಬಿಎಂಐ ಮಿತಿ ಇಳಿಸಿದರು: 23 ದಾಟಿದರೆ ಹೆಚ್ಚು ತೂಕ, 25ಕ್ಕೆ ಬೊಜ್ಜು. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು.

ಹಾಗಂತ ಬಿಎಂಐ ಬೇಡ ಅನ್ನುತ್ತಿಲ್ಲ. ಅದು ಏರಿದಷ್ಟೂ ಬಿಪಿ, ಶುಗರ್ ಬರುವ ಸಾಧ್ಯತೆ ಜಾಸ್ತಿ. ಹಮಾಲಿ ಅಣ್ಣನೂ ಬಿಪಿ ತೋರಿಸಲೇಬೇಕು. 18.5ಕ್ಕಿಂತ ಕಡಿಮೆ ಇದ್ದರೆ ತೂಕ ಸಾಲದು ಅಂತ, ಅದನ್ನೂ ಅಸಡ್ಡೆ ಮಾಡಬಾರದು. ಮಕ್ಕಳಿಗೆ ಲೆಕ್ಕ ಬೇರೆ, ವಯಸ್ಸಿಗೆ ತಕ್ಕ ಚಾರ್ಟ್ ಇರುತ್ತದೆ. ರಕ್ತಹೀನತೆಯಂತೂ ಯಾವ ಬಿಎಂಐಯಲ್ಲೂ ಕಾಣುವುದಿಲ್ಲ.

ಅಳೆಯುವುದು ಹೀಗೆ. ಪ್ಯಾಂಟ್ ಸೈಜ್ ಲೆಕ್ಕಕ್ಕೆ ಬರಲ್ಲ, ನಾವು ಬೆಲ್ಟ್ ಕಟ್ಟುವುದು ಹೊಟ್ಟೆಯ ಕೆಳಗೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ. ಹೊಟ್ಟೆ ಒಳಗೆಳೆಯಬೇಡಿ, ಉಸಿರು ಬಿಟ್ಟು ನೋಡಿ. ಆಶಾ ಕಾರ್ಯಕರ್ತೆಯರ ಫಾರಂನಲ್ಲಿ 30 ದಾಟಿದವರಿಗೆ ಈ ಅಳತೆಯ ಪ್ರಶ್ನೆ ಇದ್ದೇ ಇದೆ. ಮನೆಗೆ ಬಂದಾಗ ನಾಚಿಕೊಂಡು ಅಂದಾಜಿನಲ್ಲಿ ಹೇಳಬೇಡಿ, ಅಳೆಸಿಕೊಳ್ಳಿ.

ಕ್ಯಾಂಪ್ ಮಾಡುವವರಲ್ಲಿ ಒಂದು ವಿನಂತಿ. ಟೇಲರ್ ಟೇಪಿಗೆ ದುಡ್ಡೆಷ್ಟು ಆದೀತು? ಚೀಟಿಯಲ್ಲಿ ಬಿಎಂಐ ಪಕ್ಕದಲ್ಲೇ ಹೊಟ್ಟೆಯ ಅಳತೆಗೂ ಜಾಗ ಬಿಡಿ. ಮಿಲ್ಲಿನಲ್ಲಿ ಕಸ ಗುಡಿಸುವ, ಅಕ್ಕಿ ಹಸನು ಮಾಡುವ ಅಕ್ಕಂದಿರೂ ಬರುತ್ತಾರೆ. ಅವರನ್ನು ಅಳೆಯಲು ಒಂದು ಪರದೆ ಕಟ್ಟಿ, ಒಬ್ಬ ಸಿಸ್ಟರ್‌ನ ಕೂರಿಸಿ.