ತಲೆ ಮೇಲೆತ್ತಿ ಈಜುವವರ ಬ್ಯಾಚು

ಐವತ್ತು ದಾಟಿದವರಿಗೆ ಈಜಿನಲ್ಲಿ ಯಾವ ಸ್ಟ್ರೋಕ್ ಇಷ್ಟ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಬೆಳಗ್ಗೆ ದೊಡ್ಡವರ ಬ್ಯಾಚಿನ ಹೊತ್ತಿಗೆ ನಮ್ಮ ಬೆಂಗಳೂರಿನ ಈಜುಕೊಳಕ್ಕೆ ಬಂದು ನಿಂತರೆ ಸಾಕು. ನೀರಿನ ಮೇಲೆ ಸಾಲಾಗಿ ತಲೆಗಳು ಕಾಣುತ್ತವೆ. ಎಲ್ಲ ತಲೆಗಳೂ ಮಾತಾಡುತ್ತಿರುತ್ತವೆ. ಅದೇ ಬ್ರೆಸ್ಟ್‌ಸ್ಟ್ರೋಕ್, ನಮ್ಮ ಕಪ್ಪೆ ಈಜು.

ನಾಲ್ಕು ಸ್ಟ್ರೋಕ್‌ಗಳಲ್ಲಿ ಎಲ್ಲಕ್ಕಿಂತ ನಿಧಾನ ಇದೇ. ಅದಕ್ಕೇ ನಮಗಿಷ್ಟ. ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಶುಗರ್, ಬಿಪಿ, ಕೆಂಗೇರಿ ಕಡೆಯ ಸೈಟಿನ ರೇಟು ಎಲ್ಲ ಮಾತಾಡಿ ಮುಗಿಸಬಹುದು.

ಕೋಚ್ ಇನ್ನೂ ಚಿಕ್ಕ ಹುಡುಗ. "ಅಂಕಲ್, ತಲೆ ಒಳಗೆ! ತಲೆ ಒಳಗೆ!" ಎಂದು ದಿನಾ ಕೂಗುತ್ತಾನೆ.

"ತಲೆ ಒಳಗಿಟ್ರೆ ಇವರು ಹೇಳೋದು ನಂಗೆ ಹೇಗಪ್ಪಾ ಕೇಳುತ್ತೆ?" ಎನ್ನುತ್ತಾರೆ ನಮ್ಮ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಅವರ ಹತ್ತಿರ ಇತಿಹಾಸವೂ ಇದೆ. 1875ರಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಇಂಗ್ಲಿಷ್ ಚಾನೆಲ್ ದಾಟಿದ್ದು ಇದೇ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ, ಹೆಚ್ಚುಕಡಿಮೆ 22 ಗಂಟೆ ಈಜಿ. "ಅವನಿಗೆ ಯಾರಾದ್ರೂ ತಲೆ ಒಳಗೆ ಅಂದ್ರಾ?"

ತಮಾಷೆ ಎಂದರೆ, ಮ್ಯಾನೇಜರ್ ಸಾಹೇಬರನ್ನು ಈಜಲು ಕಳಿಸಿದ್ದು ಮಂಡಿನೋವಿನ ಡಾಕ್ಟರು. ಮಂಡಿಯ ಒಳಬದಿಗೆ ಜಾಸ್ತಿ ತ್ರಾಸ ಕೊಡುವುದೇ ಈ ಕಪ್ಪೆಕಾಲಿನ ಒದೆತ. ಇವರ ಮಂಡಿಗಂತೂ ನೋವು. ಪಕ್ಕದಲ್ಲಿ ಈಜುವ ನನ್ನ ತೊಡೆಗೆ ಆ ಒದೆತದ ನೀಲಿ ಗುರುತು.

ಒದೆತ ತಪ್ಪಿಸಿಕೊಳ್ಳಲು ನಾನು ಬ್ಯಾಕ್‌ಸ್ಟ್ರೋಕ್‌ಗೆ ಬದಲಾದೆ. ಮೂಗಿಗೆ ನೀರಿಲ್ಲ, ಮೇಲೆ ಆಕಾಶ, ಆಹಾ! ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ 2021ರಲ್ಲಿ ಇದೇ ಸ್ಟ್ರೋಕ್‌ನಲ್ಲಿ 100 ಮೀಟರನ್ನು 53.77 ಸೆಕೆಂಡಿನಲ್ಲಿ ಮುಗಿಸಿದವರು. ಸ್ಪರ್ಧೆಯ ಕೊಳದಲ್ಲಿ ಗೋಡೆ ಇನ್ನು 5 ಮೀಟರ್ ಇದೆ ಎನ್ನುವಾಗ ಮೇಲೆ ಬಾವುಟದ ಸಾಲು ಕಾಣುತ್ತದೆ. ನಮ್ಮಲ್ಲಿ ಬಾವುಟವಿಲ್ಲ. ಗೋಡೆ ಬಂತು ಅಂತ ತಲೆಬುರುಡೆಯೇ ಹೇಳಬೇಕು. ಒಮ್ಮೆ ಗೋಡೆಯ ಬದಲು ಯಾರದ್ದೋ ಮೆತ್ತಗಿನ ಹೊಟ್ಟೆ ಸಿಕ್ಕಿತು. ನನಗೆ ಹಾಯೆನಿಸಿತು. ಹೊಟ್ಟೆಯವರಿಗೆ ಹಾಗನಿಸಿದಂತೆ ಕಾಣಲಿಲ್ಲ.

ಬಟರ್‌ಫ್ಲೈ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದೂ ಬ್ರೆಸ್ಟ್‌ಸ್ಟ್ರೋಕಿನ ಮನೆಯದೇ. ನಿಯಮದ ಸಂದಿಯಲ್ಲಿ ನುಗ್ಗಿ ಕೈಗಳನ್ನು ನೀರಿನ ಮೇಲೆ ಬೀಸಿದವರಿಂದ ಹುಟ್ಟಿ, 1952ರಲ್ಲಿ ಅಣ್ಣತಮ್ಮಂದಿರ ಹಾಗೆ ಪಾಲು ತೆಗೆದುಕೊಂಡು ಬೇರೆಯಾಯಿತು. ನಮ್ಮ ಬ್ಯಾಚಿನಲ್ಲಿ ಅದನ್ನು ಪ್ರಯತ್ನಿಸಿದ್ದು ಸಾಫ್ಟ್‌ವೇರ್ ಮಹಾಶಯರೊಬ್ಬರು. ಎರಡು ಸಲ ಕೈ ಬೀಸುವಷ್ಟರಲ್ಲಿ ಲೈಫ್‌ಗಾರ್ಡ್ ನೀರಿಗೆ ಹಾರಿದ್ದ. "ರೀ, ನಾನು ಈಜ್ತಾ ಇದ್ದೆ!" ಎಂದು ಅವರು ಎಷ್ಟು ಹೇಳಿದರೂ ಬಿಡದೆ ದಡಕ್ಕೆ ಎಳೆದು ತಂದ.

ಇನ್ನು ಫ್ರೀಸ್ಟೈಲ್, ಅಂದರೆ ಮುಖ ನೀರೊಳಗಿಟ್ಟು ಒಂದಾದ ಮೇಲೊಂದು ಕೈ ಬೀಸುವ ಈಜು. ಉಸಿರಿಗೆಂದು ಬಾಯಿ ತೆರೆದಾಗಲೇ ಪಕ್ಕದವರ ಅಲೆ ಬರುತ್ತದೆ. ಆಮೇಲೆ ತಿಂದ ಇಡ್ಲಿಯಲ್ಲೂ ಕ್ಲೋರಿನ್ ವಾಸನೆ.

ಇಷ್ಟಾದರೂ ಕೋಚ್ ಬಿಡದೆ ದೊಡ್ಡವರಿಗೆಂದೇ ಫ್ರೀಸ್ಟೈಲ್ ರೇಸ್ ಇಟ್ಟ. ಮಂಡ್ಯದ ನಾಲೆಯಲ್ಲಿ ಈಜು ಕಲಿತ ಗೌಡರು ಒಂದು ಪಕ್ಕಕ್ಕೆ ವಾಲಿ, ಒಂದೇ ಕೈ ಬಡಿಯುತ್ತಾ ಹೊರಟರು. ಮ್ಯಾನೇಜರ್ ಕಪ್ಪೆ, ನಾನು ಅಂಗಾತ.

"ಅಂಕಲ್, ಇದು ಫ್ರೀಸ್ಟೈಲ್!" ಕೋಚ್ ಕೂಗಿದ.

"ರೂಲ್ಸ್ ಓದಪ್ಪಾ. ಫ್ರೀಸ್ಟೈಲ್ ರೇಸಲ್ಲಿ ಯಾವ ಸ್ಟ್ರೋಕಾದ್ರೂ ನಡೆಯುತ್ತೆ," ಎಂದರು ಮ್ಯಾನೇಜರ್, ಈಜುತ್ತಲೇ. ರೂಲ್ಸ್ ಇರುವುದು ನಿಜಕ್ಕೂ ಹಾಗೆಯೇ. ಕೋಚ್ ಬಾಯಿ ಮುಚ್ಚಿಕೊಂಡ. ಗೌಡರು ಎಲ್ಲರಿಗಿಂತ ಮುಂದಿದ್ದರು. ಆದರೆ ಅರ್ಧ ದಾರಿಯಲ್ಲಿ ನಿಂತು ಮ್ಯಾನೇಜರಿಗಾಗಿ ಕಾದರು.

"ಸಾರ್, ಆ ಸೈಟಿಗೆ ಖಾತಾ ಆಗಿದೆಯಾ?"